ಒಂದು ಕೈ ಬಿಳಿ ಬಣ್ಣ

ಕ್ಯಾರವಾನ್ ಪಾರ್ಕ್, ಟಾರ್ಬಿನ್
ಏಪ್ರಿಲ್ 9

ನನ್ನ ಲಿಯೆನ್,

ಮದುವೆಯಾದ ಹೆಣ್ಣು ಮೊದಲ ಪತ್ರವನ್ನು ಗಂಡನಿಗೆ ಬರೆಯಬೇಕೇನೋ. ಆದರೆ ನನ್ನ ಗಂಡ ಈಗ ತೆಂಗಿನ ಮರಕ್ಕಿಂತ ಎತ್ತರದಲ್ಲಿ, ಕ್ರೇನಿನ ತೊಟ್ಟಿಲಲ್ಲಿ ನಿಂತು ಒಂದು ನಾಯಿಯ ಮೂಗಿಗೆ ಬಣ್ಣ ಹೊಡೆಯುತ್ತಿದ್ದಾನೆ. ಅಲ್ಲಿಗೆ ಅಂಚೆ ಹೋಗುವುದಿಲ್ಲ. ಆದ್ದರಿಂದ ನಿನಗೆ.

ಎಷ್ಟು ಖುಷಿಯಾಗಿದ್ದೇನೆ ಎಂದರೆ ನನಗೇ ನಾಚಿಕೆಯಾಗುತ್ತದೆ. ಬೆಳಗ್ಗೆ ಎದ್ದರೆ ಲಾಕಿಯ ಬೂಟು ಬಾಗಿಲ ಬಳಿ ಇರುತ್ತದೆ, ಅದನ್ನು ನೋಡಿಯೇ ಖುಷಿ. ಅವನು ಟೋಸ್ಟ್ ಸುಟ್ಟರೆ ಅದೂ ಖುಷಿ. ಊರು ಚಿಕ್ಕದು: ಒಂದು ಅಂಗಡಿ, ಒಂದು ಹೋಟೆಲು, ಟೆನಿಸ್ ಅಂಗಳ, ರೈಲು ಹಳಿಯ ಪಕ್ಕ ಗೋಧಿ ತುಂಬುವ ನಾಲ್ಕು ದೊಡ್ಡ ಸಿಮೆಂಟು ಕಣಜ. ಆ ನಾಲ್ಕರ ಮೇಲೂ ಇವನು ಚಿತ್ರ ಬರೆಯಬೇಕು, ನವೆಂಬರ್ ಕೊಯ್ಲಿಗೆ ಮೊದಲು. ಇದು ಮುಗಿದರೆ ಮುಂದಿನ ಊರು, ಮುಂದಿನ ಕಣಜ. ನಾವು ಬಸವನಹುಳುವಿನಂತೆ ಮನೆ ಹೊತ್ತುಕೊಂಡು ಹೋಗುವವರು.

ನಮ್ಮ ಮದುವೆ ಗೋಡೆಯ ಫೋಟೋವನ್ನು ಹಾಸಿಗೆಯ ಮೇಲುಗಡೆ ಅಂಟಿಸಿದ್ದೇನೆ. ಕಣ್ಣು ಬಿಟ್ಟ ತಕ್ಷಣ ಅದೇ ಕಾಣಬೇಕು. ಎಂಟು ವರ್ಷ ನಾವಿಬ್ಬರೂ ಆ ಓಣಿಯ ಮೆಟ್ಟಿಲು ಹತ್ತಿ ಇಳಿದೆವು, ನಮ್ಮ ಸ್ಟುಡಿಯೋದ ಪಕ್ಕದ ಗೋಡೆ ಅಷ್ಟು ಚೆಂದವಾಗಬಹುದು ಎಂದು ನನಗೆ ಹೊಳೆದೇ ಇರಲಿಲ್ಲ ನೋಡು. ಲಾಕಿ ಮತ್ತು ಅವನ ಗೆಳೆಯರು ನನಗೆ ಗೊತ್ತಾಗದಂತೆ ಒಂದೇ ಹಗಲಲ್ಲಿ ಬರೆದರಂತೆ. ನನ್ನ ಮುಖ, ಅವನ ಮುಖ, ಸುತ್ತ ಕೆಂಪು ಬಾಟಲ್‌ಬ್ರಷ್ ಹೂವು, ಜೇನುಹಕ್ಕಿ. ನನ್ನ ಮೂಗು ಅಷ್ಟು ನೇರ ಇಲ್ಲ ಎಂದು ನೀನು ಹೇಳುತ್ತೀಯೆಂದು ಕಾದೆ. ನೀನು ಏನೂ ಹೇಳಲಿಲ್ಲ. ಕೇಕ್ ಕತ್ತರಿಸುವಾಗ ನೀನು ಎಲ್ಲಿದ್ದೆ? ಹುಡುಕಿದೆ.

ನಾವು ಕೂಡಿ ಬರೆಯುತ್ತಿರುವ ಪುಸ್ತಕವನ್ನು ಮರೆತಿಲ್ಲ. ಲಿನೋ ಹಾಳೆಯಲ್ಲಿ ಅಚ್ಚು ಕೊರೆಯುವ ಅಧ್ಯಾಯದ ಚಿತ್ರಗಳನ್ನು ಇಲ್ಲೇ ಕೊರೆದು ಕಳಿಸುತ್ತೇನೆ, ನೀನು ಅಚ್ಚು ಹಾಕು. ಆಮೇಲೆ ಆರನೆಯದು, ಗೋಡೆ ಬರಹದ ಅಧ್ಯಾಯ, ನನಗೆ ಅತ್ಯಂತ ಪ್ರಿಯವಾದದ್ದು. ಕುಂಚ ಹಿಡಿಯದವರೂ ನಮ್ಮ ಪುಸ್ತಕ ಓದಿ ಕೈ ಕೊಳೆ ಮಾಡಿಕೊಳ್ಳಬೇಕು. ನೀನು ಫೋನ್ ಎತ್ತುವವಳಲ್ಲ, ಆದ್ದರಿಂದ ಕರಡಚ್ಚಿನ ಜೊತೆ ನಾಲ್ಕು ಸಾಲಾದರೂ ಬರೆ. ಗೋಡೆ ಹೇಗಿದೆ ಎಂದೂ ಬರೆ.

ನಿನ್ನ, ಈಗ ಮಿಸೆಸ್ ಆಗಿರುವ,
ಬ್ರಾನ್‌ವಿನ್


ಫುಟ್ಸ್‌ಕ್ರೇ
ಮೇ 2

ಬ್ರಾನ್,

ಲಿನೋ ಹಾಳೆಗಳು ತಲುಪಿದವು. ಕರಡಚ್ಚು ಇದರ ಜೊತೆ ಇದೆ. ರೋಲರ್ ಹಿಡಿದ ಕೈಯ ಚಿತ್ರ ಚೆನ್ನಾಗಿ ಬಂದಿದೆ. ಶೀರ್ಷಿಕೆಯ ಅಕ್ಷರಗಳನ್ನು ನೇರವಾಗಿಯೇ ಕೊರೆದಿದ್ದೀಯ, ಅಚ್ಚಿನಲ್ಲಿ ಎಲ್ಲ ತಿರುವುಮುರುವು. ನಾವೇ ಅದೇ ಪುಟದಲ್ಲಿ ‘ಅಕ್ಷರವನ್ನು ಕನ್ನಡಿಯಲ್ಲಿ ನೋಡಿ ಕೊರೆಯಿರಿ’ ಎಂದು ಬರೆದಿದ್ದೇವೆ. ಇನ್ನೊಂದು ಕೊರೆದು ಕಳಿಸು.

ಚಳಿಗೆ ಲಿನೋ ಗಟ್ಟಿಯಾದರೆ ಬಿಸಿನೀರಿನ ಚೀಲದ ಮೇಲೆ ಸ್ವಲ್ಪ ಹೊತ್ತು ಇಡು. ಉಳಿ ಜಾರಿದರೆ ಬೆರಳಿಗೆ ಬರುತ್ತದೆ.

ಗೋಡೆ ಇದ್ದಹಾಗೇ ಇದೆ.

ಲಿಯೆನ್


ಟಾರ್ಬಿನ್
ಮೇ 20

ಲಿಯೆನ್,

ನಿನ್ನ ಪತ್ರವನ್ನು ಅಂಗಡಿಯ ಮೆಟ್ಟಿಲ ಮೇಲೇ ಕೂತು ಓದಿದೆ. ಓದಿ ಮುಗಿಸುವಷ್ಟರಲ್ಲಿ ಅಂಗಡಿಯಾಕೆ ಬಾಗಿಲಿಗೆ ಬಂದು, ಏನಮ್ಮ, ಬರೀ ಲಕೋಟೆ ಬಂತಾ ಎಂದು ಕೇಳಿದಳು. ಅಷ್ಟು ಚಿಕ್ಕದು. ಆದರೂ ಬಿಸಿನೀರಿನ ಚೀಲದ ಮಾತಿಗೆ ನಿನ್ನನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಈಗ ದಿನವೂ ಮಡಿಲಲ್ಲಿ ಚೀಲ, ಅದರ ಮೇಲೆ ಲಿನೋ. ಬೆಕ್ಕು ಸಾಕಿದ ಹಾಗೆ.

ಇಲ್ಲಿ ಎಲ್ಲರೂ ಒಳ್ಳೆಯವರು. ಬೆಳಗ್ಗೆ ಟ್ರಾಕ್ಟರ್ ನಿಲ್ಲಿಸಿ ಕತ್ತೆತ್ತಿ ಲಾಕಿಗೆ ಬುದ್ಧಿ ಹೇಳುತ್ತಾರೆ. ಮರ್ವ್ ಅನ್ನುವ ಮುದುಕ ನಿನ್ನೆ ಅಂದ, “ಅದು ನಾಯಿನೋ ಕುರಿನೋ ಒಂದ್ಸಲ ಹೇಳ್ಬಿಡಪ್ಪ, ನಮ್ಮನೆಯವಳ ಹತ್ರ ಪಂದ್ಯ ಕಟ್ಟಿದ್ದೀನಿ.” ಲಾಕಿ ಮೇಲಿಂದ ಬೊಗಳಿ ತೋರಿಸಿದ. ಇಡೀ ಊರು ನಕ್ಕಿತು. ನಾನೂ ನಕ್ಕೆ, ಆಮೇಲೆ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋದರು, ಇವನು ಮತ್ತೆ ಮೇಲಕ್ಕೆ ಹೋದ.

ನಿನಗೆ ಮಾತ್ರ ಹೇಳುತ್ತೇನೆ. ಗಾಳಿ ಜೋರಾಗಿ ಬೀಸಿದರೆ ಕ್ರೇನ್ ಏರುವಂತಿಲ್ಲ. ಆ ದಿನ ಲಾಕಿ ಕೆಳಗೇ ಇರುತ್ತಾನೆ, ಇಬ್ಬರೂ ಕಂಬಳಿ ಹೊದ್ದು ಟೀ ಕುಡಿಯುತ್ತಾ ಕೂರುತ್ತೇವೆ. ಅದಕ್ಕೇ ನಾನು ಬೆಳಗ್ಗೆ ಎದ್ದ ಕೂಡಲೇ ಕಿಟಕಿಯಿಂದ ಬೇವಿನಂಥ ಎಲೆ ಜೋಲುವ ಆ ಪೆಪ್ಪರ್ ಮರವನ್ನು ನೋಡುತ್ತೇನೆ, ಎಲೆ ಅಲ್ಲಾಡುತ್ತಿದೆಯೇ ಎಂದು. ಕೊಯ್ಲಿನೊಳಗೆ ಕೆಲಸ ಮುಗಿಯಬೇಕಾದ ಗಂಡನಿಗೆ ಗಾಳಿ ಬರಲಿ ಎಂದು ಹಾರೈಸುವ ಹೆಂಡತಿ ನಾನು. ಬಾಯಿಬಿಟ್ಟು ಅವನಿಗೆ ಹೇಳಿಲ್ಲ. ಈ ವಾರ ಎಲೆ ಅಲ್ಲಾಡಿಲ್ಲ.

ಸ್ಟುಡಿಯೋ ಬಿಟ್ಟು ಬಂದೆ ಎಂದು ನಿನಗೆ ಕೋಪವೇ? ಪುಸ್ತಕ ನಿಧಾನವಾಯಿತು ಎಂದೇ? ನಿನ್ನ ಸಾಲುಗಳು ಅಚ್ಚುಮೊಳೆ ಜೋಡಿಸಿದ ಹಾಗಿವೆ, ಒಂದೂ ಆಚೀಚೆ ಇಲ್ಲ. ಮೊದಲು ನೀನು ಹೀಗೆ ಬರೆಯುತ್ತಿರಲಿಲ್ಲ. ಮೊದಲು ನೀನು ಬರೆಯುತ್ತಲೇ ಇರಲಿಲ್ಲ ಎನ್ನು, ನಡುವೆ ಒಂದು ಮೇಜು ಮಾತ್ರ ಇತ್ತು.

ಆರನೆಯ ಅಧ್ಯಾಯ ಇದರ ಜೊತೆಗಿದೆ. ಕೊರೆದ ಹಾಳೆಯಿಂದ ಅಚ್ಚೊತ್ತುವುದು, ಗೋಧಿಹಿಟ್ಟಿನ ಅಂಟು ಕುದಿಸಿ ಪೋಸ್ಟರ್ ಅಂಟಿಸುವುದು, ಸ್ಪ್ರೇ ಡಬ್ಬಿಯ ಬಣ್ಣ ಸೋರಿ ಇಳಿಯದಂತೆ ಊದುವುದು, ಎಲ್ಲ ಇದೆ. ಕೊನೆಗೆ ‘ಗೋಡೆಯ ನಿಯಮಗಳು’. ಮನೆಯ ಗೋಡೆಗೆ ಕೇಳದೆ ಬರೆಯಬೇಡಿ. ಇನ್ನೊಬ್ಬರ ಕೈಬರಹ ಕದಿಯಬೇಡಿ. ನಿಮಗಿಂತ ಚೆನ್ನಾಗಿ ಬರೆದವರ ಮೇಲೆ ಬರೆಯಬೇಡಿ. ಓದಿ ನನಗೇ ಹೆಮ್ಮೆಯಾಯಿತು.

ನಿನ್ನ ಬ್ರಾನ್


ಫುಟ್ಸ್‌ಕ್ರೇ
ಜೂನ್ 30

ಬ್ರಾನ್,

ಕೋಪವಿಲ್ಲ. ಮದುವೆಯಾದವರು ಹೋಗುತ್ತಾರೆ.

ಆರನೆಯ ಅಧ್ಯಾಯವನ್ನು ಅಚ್ಚಿಗೆ ಹಾಕಿಲ್ಲ. ನಿಯಮಗಳಲ್ಲಿ ಒಂದನ್ನು ಬಿಟ್ಟಿದ್ದೀಯ. ಯಾವುದೆಂದು ನಾನು ಹೇಳುವುದಿಲ್ಲ, ಆ ಭಾಗ ನೀನು ಬರೆಯುವುದೆಂದು ಮೊದಲೇ ಹಂಚಿಕೊಂಡಿದ್ದೆವು. ಅದಿಲ್ಲದೆ ಈ ಪುಸ್ತಕಕ್ಕೆ ನನ್ನ ಹೆಸರು ಹಾಕಲಾರೆ. ಬೇಕಿದ್ದರೆ ನಿನ್ನ ಒಬ್ಬಳ ಹೆಸರಲ್ಲೇ ಬರಲಿ, ಅಚ್ಚು ಮಾಡಿಕೊಡುತ್ತೇನೆ.

ಲಿಯೆನ್


ಟಾರ್ಬಿನ್
ಜುಲೈ 11

ಲಿಯೆನ್,

ನನ್ನ ಒಬ್ಬಳ ಹೆಸರಲ್ಲಿ ಪುಸ್ತಕವೇ? ಆ ಮಾತನ್ನು ನೀನು ಬರೆದೆಯೆಂದು ನಂಬಲಾಗದೆ ಲಕೋಟೆಯ ಮೇಲಿನ ಅಕ್ಷರ ಇನ್ನೊಮ್ಮೆ ನೋಡಿದೆ. ನಿನ್ನದೇ.

ಸರಿ, ಯೋಚಿಸಿದ್ದೇನೆ. ಮಳೆ ಬರುವ ದಿನ ಬರೆಯಬೇಡಿ? ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ? ಖಾಲಿ ಡಬ್ಬಿಯನ್ನು ಓಣಿಯಲ್ಲಿ ಬಿಸಾಡಬೇಡಿ? ಡಬ್ಬಿಯದ್ದೇ ಇರಬೇಕು, ನೀನು ಅದಕ್ಕಾಗಿ ಎಷ್ಟು ಜನರನ್ನು ಬೈದಿದ್ದೀಯ. ಅಲ್ಲವೆಂದರೆ ಹೇಳಿಬಿಡು ಮಾರಾಯ್ತಿ. ನಾನು ಪರೀಕ್ಷೆಯಲ್ಲಿ ಯಾವತ್ತೂ ಚುರುಕಿರಲಿಲ್ಲ.

ಬ್ರಾನ್


ಟಾರ್ಬಿನ್
ಆಗಸ್ಟ್ 24

ಲಿಯೆನ್,

ನಿನ್ನಿಂದ ಏನೂ ಇಲ್ಲ. ಅಂಗಡಿಯಾಕೆ ಈಗ ನಾನು ಬಾಯಿ ತೆರೆಯುವ ಮೊದಲೇ ತಲೆ ಅಲ್ಲಾಡಿಸಿಬಿಡುತ್ತಾಳೆ.

ಇಲ್ಲಿ ಮಂಜು ಕಣಜದ ಅರ್ಧದವರೆಗೂ ಇರುತ್ತದೆ. ಬೆಳಗ್ಗೆ ಲಾಕಿಯ ತೊಟ್ಟಿಲು ಅದರೊಳಗೆ ಹೋಗುವವರೆಗೆ ಕೈಬೀಸುತ್ತೇನೆ. ಮಧ್ಯಾಹ್ನ ಟೆನಿಸ್ ಅಂಗಳದ ಹೆಂಗಸರು ಸ್ಕೋನ್ ಬನ್ನು ತಂದುಕೊಟ್ಟು, ಹೇಗಿದ್ದೀಯಮ್ಮ ಎನ್ನುತ್ತಾರೆ. ಬಹಳ ಖುಷಿಯಾಗಿದ್ದೇನೆ ಎನ್ನುತ್ತೇನೆ. ಸುಳ್ಳಲ್ಲ. ಆದರೆ ಅದನ್ನು ಹೇಳಿದ ಮೇಲೆ ಹೇಳಲು ಬೇರೆ ಮಾತು ಇರುವುದಿಲ್ಲ, ಅವರು ತಟ್ಟೆ ತೆಗೆದುಕೊಂಡು ಹೋಗುತ್ತಾರೆ. ಲಾಕಿ ಇಳಿದು ಬರುವಾಗ ಅವನ ತೋಳು ಎಷ್ಟು ಸೋತಿರುತ್ತದೆಂದರೆ ಚಮಚ ಎತ್ತಲು ಬೇಸರ. ಅವನನ್ನು ಕೂರಿಸಿಕೊಂಡು ದಿನದ ಕಥೆ ಹೇಳಲು ನನಗೂ ಮನಸ್ಸಾಗದು. ಹೇಳಲು ಕಥೆ ಆಗಿರುವುದೂ ಇಲ್ಲ.

ನಮ್ಮ ಸ್ಟುಡಿಯೋದಲ್ಲಿ ನಾವು ಮಾತಾಡುತ್ತಿದ್ದುದು ಕಡಿಮೆ. ನೀನು ಶಾಯಿ ಅರೆಯುತ್ತಿದ್ದೆ, ನಾನು ಕೊರೆಯುತ್ತಿದ್ದೆ. ಅದೂ ಒಂದು ಮಾತೇ ಆಗಿತ್ತು ಎಂದು ಈಗ ತಿಳಿಯುತ್ತಿದೆ.

ಡಬ್ಬಿಯ ವಿಷಯ ಅಲ್ಲ, ಅಲ್ಲವೇ?

ಬ್ರಾನ್


ಟಾರ್ಬಿನ್
ಸೆಪ್ಟೆಂಬರ್ 7

ಲಿಯೆನ್,

ಇದನ್ನು ಎಲ್ಲಿಂದ ಶುರುಮಾಡಲಿ.

ಇವತ್ತು ಗಾಳಿ ಇತ್ತು. ಲಾಕಿ ಕೆಳಗಿದ್ದ. ಸಾಸೇಜ್ ಹುರಿದಿದ್ದೆ, ಹೊರಗೆ ಮಡಚು ಕುರ್ಚಿ ಹಾಕಿಕೊಂಡು ತಿನ್ನುತ್ತಿದ್ದೆವು. ಎದುರಿಗೆ ಇಡೀ ಹೊಲ ಸಾಸಿವೆಯಂಥ ಕನೋಲಾ ಹೂವಿನ ಹಳದಿ. ನಾನು ತಮಾಷೆಗೆಂದು ಅಧ್ಯಾಯದ ನಿಯಮಗಳನ್ನು ಒಂದೊಂದಾಗಿ ಓದಿ, ಏನು ಬಿಟ್ಟಿದೆ ಹೇಳು ನೋಡೋಣ ಎಂದೆ. ಅವನು ತಿನ್ನುತ್ತಲೇ ಹೇಳಿದ, “ಸತ್ತವರ ಹೆಸರಿನ ಮೇಲೆ ಬಣ್ಣ ಹೊಡೀಬಾರ್ದು. ಅದೇ ಮೊದಲ್ನೇದು. ಅದನ್ನೇ ಬರ್ದಿಲ್ವಲ್ಲೇ.”

ಅದು ಎಲ್ಲರಿಗೂ ಗೊತ್ತಿರುವುದೇ, ಅದಕ್ಕೇ ಹೊಳೆಯಲಿಲ್ಲ ಎಂದೆ. ನಗುತ್ತಲೇ ಅಂದೆ.

“ಹೊಡೀಲೇಬೇಕು ಅಂದ್ರೆ ಮನೆಯವರನ್ನ ಕೇಳ್ಬೇಕು,” ಅಂದ. “ನಾನು ಲಿಯೆನ್‌ನ ಕೇಳಿದ್ನಲ್ಲ, ಹಾಗೆ.”

“ಏನು ಕೇಳ್ದೆ?”

ಅವನು ತಟ್ಟೆಯನ್ನು ನೆಲದ ಮೇಲಿಟ್ಟ. “ನಿಂಗೆ ಅವಳು ಹೇಳೇ ಇಲ್ವಾ?”

“ಏನನ್ನ?”

“ಬ್ರಾನ್. ಆ ಗೋಡೇಲಿ ಅವಳ ತಮ್ಮ ಖಾಂಗ್‌ನ ಹೆಸರಿತ್ತು.”

ಒಳಗೆ ಬಂದು ಫೋಟೋ ನೋಡಿದೆ. ಈಗ ನನ್ನ ಮೊಣಕೈ ಇರುವಲ್ಲಿ, ಮಳೆನೀರಿನ ಕೊಳವೆಯ ಪಕ್ಕ, ಸೊಂಟದೆತ್ತರದಲ್ಲಿ ಆ ಹೆಸರಿತ್ತು. ನೀಲಿ ಬಣ್ಣ. ರೂಕ್ ಎಂಬ ಗೋಡೆಯ ಹೆಸರಲ್ಲಿ ಬರೆಯುತ್ತಿದ್ದ ಅವನು, ಕೊನೆಯ ಅಕ್ಷರದ ಕಾಲನ್ನು ನೆಲದವರೆಗೂ ಎಳೆದಿದ್ದ. ಖಾಂಗ್ ಸತ್ತು ಒಂದು ವರ್ಷಕ್ಕೆ ನಾವು ಸ್ಟುಡಿಯೋಗೆ ಆ ಕೋಣೆ ಹಿಡಿದದ್ದು. ಬೇರೆ ಕೋಣೆ ಅಗ್ಗಕ್ಕೆ ಸಿಗುತ್ತಿತ್ತು, ನೀನು ಅದೇ ಬೇಕೆಂದೆ. ಯಾಕೆಂದು ಮೊದಲ ದಿನವೇ ನನಗೆ ಹೇಳಿದ್ದೆ. ಎಂಟು ವರ್ಷ ಅದಕ್ಕೆ ನನ್ನ ಸೈಕಲ್ ಒರಗಿಸಿದ್ದೇನೆ, ಲಿಯೆನ್.

ಇಷ್ಟು ತಿಂಗಳು ದಿನವೂ ಈ ಫೋಟೋ ನೋಡಿಕೊಂಡೇ ಎದ್ದಿದ್ದೇನೆ. ಅದು ಇಲ್ಲ ಎಂದು ಕಾಣಲಿಲ್ಲ.

ನೀನು ಯಾಕೆ ಒಪ್ಪಿದೆ?

ಬ್ರಾನ್


ಫುಟ್ಸ್‌ಕ್ರೇ
ಅಕ್ಟೋಬರ್ 3

ಬ್ರಾನ್,

ಲಾಕಿಯ ಮೇಲೆ ಸಿಟ್ಟಾಗಬೇಡ. ಅವನು ಕೇಳಬೇಕಾದ ಹಾಗೆ ಕೇಳಿದ. ಮೆಟ್ಟಿಲ ಕೆಳಗೆ ಟೋಪಿ ತೆಗೆದು ನಿಂತು, “ಬೇಡ ಅಂದ್ರೆ ಬೇರೆ ಗೋಡೆ ನೋಡ್ತೀನಿ, ಬೇಜಾರಿಲ್ಲ” ಅಂದ. ಒಂದು ದಿನ ಸಮಯ ಕೇಳಿದೆ. ನಿನಗೆ ಮದುವೆಗೆ ಏನು ಕೊಡಲಿ ಎಂದು ಬಹಳ ದಿನದಿಂದ ಯೋಚಿಸುತ್ತಿದ್ದೆ. ನನ್ನ ಬಳಿ ಇದ್ದುದರಲ್ಲಿ ಅದೇ ದೊಡ್ಡದು. ಗೋಡೆ ಬದುಕಿರುವವರಿಗೆ ಬೇಕು ಎಂದು ಖಾಂಗ್ ಇದ್ದಿದ್ದರೆ ಅವನೇ ಹೇಳುತ್ತಿದ್ದ. ಹೂಂ ಅಂದೆ.

ಅವರು ಬರುವ ದಿನ ಬೆಳಗ್ಗೆ ಬೇಗ ಇಳಿದು ಹೋಗಿ ನಾನೇ ಬಿಳಿ ಹೊಡೆದೆ. ಅವನ ಹೆಸರಿನ ಮೇಲೆ ಮೊದಲು ಬೀಳುವ ಬಣ್ಣ ಮನೆಯವರ ಕೈಯಿಂದ ಬೀಳಲಿ ಎಂದು. ಒಂದು ಕೈ ಸಾಲಲಿಲ್ಲ. ನೀಲಿ ಅಡಿಯಿಂದ ಕಾಣುತ್ತಿತ್ತು, ಮಗು ಚಾದರದೊಳಗಿಂದ ನೋಡುವ ಹಾಗೆ. ಒಣಗುವವರೆಗೆ ಕಾದು ಎರಡನೆಯ ಕೈ ಹೊಡೆದೆ. ಅದೂ ಸಾಲದೆ ಮೂರನೆಯದು.

ಸಂಜೆ ಲಾಕಿ ನಿನ್ನ ಕಣ್ಣು ಮುಚ್ಚಿ ಕರೆತಂದ. ನೀನು ನೋಡಿ ಅತ್ತೆ. ನಾನು ಕಾದೆ. ನೀನು ನನ್ನ ಕುತ್ತಿಗೆಗೆ ಜೋತುಬಿದ್ದು, “ಮುಂಚೆ ಎಷ್ಟು ಬೋಳಾಗಿತ್ತಲ್ಲ ಕಣೇ ಈ ಗೋಡೆ” ಅಂದೆ.

ಕೊಟ್ಟದ್ದಕ್ಕೆ ನನಗೆ ಬೇಸರವಿಲ್ಲ. ಕೊಟ್ಟದ್ದು ಏನೆಂದು ನಿನಗೆ ಗೊತ್ತಾಗಲಿಲ್ಲವಲ್ಲ, ಅದಕ್ಕೆ. ನಾನಾಗಿ ಹೇಳಿದ್ದರೆ ಲೆಕ್ಕ ಒಪ್ಪಿಸಿದ ಹಾಗೆ ಆಗುತ್ತಿತ್ತು. ನೀನೇ ಕೇಳಲಿ ಎಂದು ಕಾದೆ. ಮದುವೆಯ ದಿನ ಕೇಳುತ್ತೀಯೆಂದುಕೊಂಡೆ, ಆಮೇಲೆ ಪತ್ರದಲ್ಲಿ. ಮನೆಯಲ್ಲಿ ಅವನ ಹೆಸರೆತ್ತುವವರು ಯಾರೂ ಉಳಿದಿಲ್ಲ, ಅಮ್ಮನಿಗೆ ಈಗ ನೆನಪಿಲ್ಲ. ಓಣಿಯಲ್ಲಿ ಒಬ್ಬಳಾದರೂ ಇದ್ದಾಳೆ ಎಂದುಕೊಂಡಿದ್ದೆ.

ಈಗ ಕೇಳಿದೆಯಲ್ಲ. ಸರಿ.

ಲಿಯೆನ್


ಟಾರ್ಬಿನ್
ಅಕ್ಟೋಬರ್ 19

ಲಿಯೆನ್,

ನಿನ್ನ ಪತ್ರ ಬಂದ ದಿನವೇ ರೈಲು ಹತ್ತಿ ಬಂದು ಗೋಡೆಯ ಮೇಲಿನ ನನ್ನ ಮುಖಕ್ಕೆ ಬಿಳಿ ಹೊಡೆದುಬಿಡುತ್ತೇನೆ ಎಂದು ಹೊರಟೆ. ಚೀಲಕ್ಕೆ ಬಟ್ಟೆ ತುಂಬಿಕೊಂಡೆ. ಲಾಕಿ ಬಾಗಿಲಲ್ಲಿ ನಿಂತು, “ಕೊಟ್ಟಿದ್ದನ್ನ ಅವಳ ಮುಖಕ್ಕೆ ವಾಪಸ್ ಎಸೀತೀಯಾ?” ಅಂದ. ಚೀಲದ ಬಟ್ಟೆಯನ್ನೆಲ್ಲ ಮತ್ತೆ ತೆಗೆದಿಟ್ಟೆ. ಅವನು ಹೇಳಿದ್ದು ನಿಜ. ಅವನ ಮೇಲೆ ಸಿಟ್ಟಿಲ್ಲ. ಆದರೆ ಅವನಿಗೆ ಆ ಗೋಡೆ ನನಗಾಗಿ ಬರೆದ ಮೊದಲ ಚಿತ್ರ. ನನಗೆ ಈಗ ಅದು ಏನೆಂದು ಅವನಿಗೆ ಹೇಳಲು ಹೋದರೆ ಅವನ ಕೈಯಿಂದ ಕಿತ್ತುಕೊಂಡ ಹಾಗಾಗುತ್ತದೆ. ಆ ಮಧ್ಯಾಹ್ನ ಒಂದು ಕ್ಯಾರವಾನಿನಲ್ಲಿ ಇಬ್ಬರು ಎಷ್ಟು ದೂರ ಕೂರಬಹುದೋ ಅಷ್ಟು ದೂರ ಕೂತಿದ್ದೆವು.

ಕ್ಷಮಿಸು ಎಂದು ಬರೆದು ಬರೆದು ಹರಿದಿದ್ದೇನೆ. ಆ ಮಾತು ಎಷ್ಟು ಚೆಂದ ಬರೆದರೂ ನನ್ನ ಬಗ್ಗೆಯೇ ಆಗಿಬಿಡುತ್ತದೆ. ಬದಲಿಗೆ ಖಾಂಗ್ ಬಗ್ಗೆ ನನಗೆ ಗೊತ್ತಿರುವುದನ್ನು ಬರೆಯಲು ಕೂತೆ. ನೀಲಿ ಡಬ್ಬಿಯನ್ನು ಚಳಿಗೆ ಅಂಗಿಯೊಳಗೆ ಇಟ್ಟುಕೊಳ್ಳುತ್ತಿದ್ದನೆಂದು ನೀನು ಹೇಳಿದ್ದೆ. ಈಜಲು ಬರುತ್ತಿರಲಿಲ್ಲವೆಂದು. ನಿನ್ನನ್ನು ಅಕ್ಕ ಎನ್ನದೆ ‘ಬಾಸ್’ ಎನ್ನುತ್ತಿದ್ದನೆಂದು. ಅಷ್ಟೇ. ಅದರಾಚೆ ನಾನು ಕೇಳಿಲ್ಲ.

ಬಿಟ್ಟ ನಿಯಮವನ್ನು ಬರೆದಿದ್ದೇನೆ. ಸರಿಯಿಲ್ಲದಿದ್ದರೆ ತಿದ್ದು.

‘ಸತ್ತವರ ಹೆಸರಿನ ಮೇಲೆ ಬಣ್ಣ ಹೊಡೆಯಬೇಡಿ. ಹೊಡೆಯಲೇಬೇಕಾದರೆ ಅವರ ಮನೆಯವರನ್ನು ಕೇಳಿ. ಅವರು ಒಪ್ಪಿದರೆ ನಿಮ್ಮ ಕೆಲಸ ಮುಗಿಯಲಿಲ್ಲ. ಅಲ್ಲಿದ್ದವರು ಯಾರು, ಹೇಗಿದ್ದರು ಎಂದು ಕೇಳಿ, ಕೂತು ಕೇಳಿಸಿಕೊಳ್ಳಿ.’

ಬ್ರಾನ್


ಫುಟ್ಸ್‌ಕ್ರೇ
ನವೆಂಬರ್ 12

ಬ್ರಾನ್,

ತಿದ್ದುವುದೇನಿಲ್ಲ. ಅಚ್ಚಿಗೆ ಜೋಡಿಸಿದೆ. ಮುಖಪುಟಕ್ಕೆ ಎರಡು ಹೆಸರು ಹಾಕಿದ್ದೇನೆ. ಶಾಯಿ ಒಣಗುತ್ತಿದೆ.

ಅವನಿಗೆ ಈಜು ಬರುತ್ತಿತ್ತು. ಬರುವುದಿಲ್ಲವೆಂದು ಶಾಲೆಯಲ್ಲಿ ಸುಳ್ಳು ಹೇಳುತ್ತಿದ್ದ, ನೀರು ತಣ್ಣಗಿರುತ್ತದೆಂದು.

ಇನ್ನೊಂದು ವಿಷಯ. ಬೇಕರಿಯಲ್ಲಿ ಕೆಲಸ ಮಾಡುವ ಅಬೆಬಾ ಬಂದಿದ್ದಳು. ಅವಳ ಅಜ್ಜಿ ಹೋದ ತಿಂಗಳು ಅವರ ಊರಲ್ಲಿ ತೀರಿಕೊಂಡರಂತೆ, ಹೋಗಲಾಗಲಿಲ್ಲ. ಅಜ್ಜಿ ಕಾಫಿ ಹುರಿಯುತ್ತ ಕೂತ ಚಿತ್ರವನ್ನು ಗೋಡೆಯ ಮೇಲೆ ಬರೆಯಬೇಕಂತೆ. ನಮ್ಮ ಗೋಡೆಗೆ ಬೆಳಗಿನ ಬಿಸಿಲು ಬೀಳುತ್ತದೆ, ಅದೇ ಬೇಕು ಎಂದಳು. ಕೊಡುವ ಹಕ್ಕು ನನ್ನದಲ್ಲ, ಗೋಡೆಯಲ್ಲಿ ಇರುವವರು ಬದುಕಿದ್ದಾರೆ, ಅವರನ್ನು ಕೇಳುತ್ತೇನೆ ಎಂದೆ.

ಕೇಳುತ್ತಿದ್ದೇನೆ. ಬೇಡ ಎಂದರೂ ಬೇಜಾರಿಲ್ಲ.

ಲಿಯೆನ್


ಟಾರ್ಬಿನ್
ನವೆಂಬರ್ 20

ಲಿಯೆನ್,

ಒಂದು ದಿನ ಸಮಯ ತೆಗೆದುಕೊಂಡೆ. ಲಾಕಿಯನ್ನೂ ಕೇಳಬೇಕಿತ್ತು, ಅರ್ಧ ಗೋಡೆ ಅವನದು. ಕೊನೆಯ ಕಣಜ ಮುಗಿದಿದೆ, ಗೋಧಿಯ ಲಾರಿಗಳು ಸಾಲುಗಟ್ಟಿ ನಿಂತಿವೆ, ಅವನು ಅವುಗಳ ನಡುವೆ ನಿಂತು ತಾನು ಬರೆದ ನಾಯಿಯನ್ನು ನೋಡುತ್ತಿದ್ದ. ಪತ್ರ ಓದಿ, ಮಡಚಿ ನನ್ನ ಕೈಗಿಟ್ಟ. ಆಮೇಲೆ, “ನಿನ್ ಮೂಗು ನಂಗೆ ಸರಿಯಾಗಿ ಬಂದಿರ್ಲಿಲ್ಲ ಬಿಡು” ಅಂದ. ಅಂದು, ಮುಖ ಆಚೆ ತಿರುಗಿಸಿದ.

ಕೊಟ್ಟೆವೆಂದು ಅಬೆಬಾಗೆ ಹೇಳು. ಅವಳ ಅಜ್ಜಿಯ ಹೆಸರೇನೆಂದು ಕೇಳಿಟ್ಟಿರು.

ಆದರೆ ಮೊದಲ ಬಿಳಿ ನಾನೇ ಹೊಡೆಯುತ್ತೇನೆ. ಡಿಸೆಂಬರಿನ ಮೊದಲ ಶನಿವಾರ ಬರುತ್ತೇನೆ. ಲಾಕಿ ಬರುವುದಿಲ್ಲ, ನೋಡಲಾರೆ ಎಂದ. ನೀನು ಜೊತೆಗೆ ನಿಲ್ಲುತ್ತೀಯಾ?

ಬ್ರಾನ್


ಫುಟ್ಸ್‌ಕ್ರೇ
ನವೆಂಬರ್ 25

ಬ್ರಾನ್,

ಬಿಳಿ ಬಣ್ಣ ಮತ್ತು ರೋಲರ್ ಮೆಟ್ಟಿಲ ಕೆಳಗೆ ಇರುತ್ತದೆ. ನಾನು ನಿಲ್ಲುವುದಿಲ್ಲ. ಪಕ್ಕದಲ್ಲಿ ಯಾರಾದರೂ ಇದ್ದರೆ ಕೈ ಏಳುವುದಿಲ್ಲ, ನನಗೆ ಗೊತ್ತು.

ಕೆಂಪು ಬೇಗ ಮುಚ್ಚುವುದಿಲ್ಲ. ಅವಸರ ಮಾಡಬೇಡ, ಒಣಗಲು ಬಿಡು. ಮುಗಿದ ಮೇಲೆ ಮೇಲೆ ಬಾ. ಅನ್ನಕ್ಕೆ ಇಟ್ಟಿರುತ್ತೇನೆ.

ಲಿಯೆನ್